ಛತ್ರಿ ಹಿಡಿದವರ ಹೆಗಲು

ತಿಕೋಟಾದ ಒಣದ್ರಾಕ್ಷಿ ಗೋದಾಮಿನ ಎದುರಿಗಿರುವ ಚಹಾದಂಗಡಿಯಲ್ಲಿ ನನಗೂ ಖಾಜಾ ಮಾಸ್ತರನಿಗೂ ಒಂದೇ ವಿಷಯದ ಮೇಲೆ ಎಷ್ಟು ಸಲ ಜಗಳವಾಗಿದೆಯೆಂದರೆ, ಈಗ ಅಂಗಡಿಯವನು ನಮ್ಮನ್ನು ಕಂಡ ಕೂಡಲೇ ಟಿವಿ ಬಂದ್ ಮಾಡುತ್ತಾನೆ. ವಿಷಯ ಇಷ್ಟೇ: ಆಕಾಶದಲ್ಲಿ ಬರುತ್ತಿರುವ ಕ್ಷಿಪಣಿಯನ್ನು ಇನ್ನೊಂದು ಕ್ಷಿಪಣಿಯಿಂದ ಹೊಡೆದು ಹಾಕಲು ನಿಜವಾಗಿ ಆಗುತ್ತದೆಯೋ ಇಲ್ಲವೋ. ನಾನು ವಾಯುಪಡೆಯ ರಾಡಾರ್ ಕೋಣೆಗಳಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. ಖಾಜಾ ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಹಾಗಾಗಿ ಒಬ್ಬರ ಮಾತಿಗೆ ಇನ್ನೊಬ್ಬರು ಮರ್ಯಾದೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

"ಲೇ ಶಂಕ್ರ್ಯಾ, ಗುಂಡಿಗೆ ಗುಂಡು ಹೊಡಿಯೂದು ಅಂದ್ರ ಏನಂತ ತಿಳದೀಯೋ? ಇಲ್ಲಿಂದ ಕಲ್ಲ ಒಗದು ಹೊನವಾಡದಾಗ ಹಾರೂ ಸೊಳ್ಳಿ ಹೊಡದಂಗ ಅದು," ಎನ್ನುತ್ತಾನೆ.

"ಸೊಳ್ಳಿ ಯಾವ ದಾರೀಲೆ ಬರತೈತಿ ಅಂತ ಮೊದಲ ಗೊತ್ತಾದ್ರ ಹೊಡೀಬಹುದಲೋ," ಎನ್ನುತ್ತೇನೆ.

"ಸೊಳ್ಳಿ ನಿನಗ ಚೀಟಿ ಬರದು ಬರತೈತೇನು?"

ಹೋದ ವರ್ಷದವರೆಗೆ ಇದು ಹೊತ್ತು ಕಳೆಯುವ ಜಗಳವಾಗಿತ್ತು. ಈ ವರ್ಷ ಖಾಜಾನ ಮಗಳು ನಸೀಮಾ ವಾಯುಪಡೆಗೆ ಆಯ್ಕೆಯಾದಳು. ತರಬೇತಿ ಮುಗಿದ ಮೇಲೆ ರಾಡಾರ್ ಕೆಲಸ, ಅಂದರೆ ನಾನು ಮಾಡಿದ ಕೆಲಸವೇ. ಅಂದಿನಿಂದ ನಮ್ಮ ಜಗಳದಲ್ಲಿ ನಗು ಹೋಯಿತು. ಒಂದು ಮಧ್ಯಾಹ್ನ ಖಾಜಾ ಚಹಾ ಮುಟ್ಟದೆ ಕುಳಿತು ಹೇಳಿದ: "ನೀ ಒಂದ ಮಾತು ಹೇಳು. ಅದು ಕೆಲಸಾ ಮಾಡತೈತಿ, ಅದರ ಹತ್ರ ಕುಂತಾಕಿಗೆ ಏನೂ ಆಗೂದಿಲ್ಲ ಅಂತ ಖಾತ್ರಿ ಕೊಡು. ನಾನು ಖುಷೀಲೆ ಕಳಸ್ತೀನಿ. ಕೊಡಾಕ ಆಗೂದಿಲ್ಲ ಅಂದ್ರ ಆಕಿ ಹೋಗಲಿ, ನಾ ಅಡ್ಡ ಬರೂದಿಲ್ಲ. ಆದ್ರ ಟೇಶನ್ನಿಗೆ ಬಾ ಅಂತ ನನ್ನ ಕರೀಬ್ಯಾಡ್ರಿ."

ನಮ್ಮ ಕಡೆ ಮನೆಯಿಂದ ಹೊರಡುವವರಿಗೆ ಯಾರೂ 'ಹೋಗು' ಎನ್ನುವುದಿಲ್ಲ. ಸಂತೆಗೆ ಹೊರಟವರಿಗೂ 'ಹೋಗಿ ಬಾ' ಎನ್ನುತ್ತೇವೆ. ಅಪ್ಪ ತನ್ನೆದುರಿಗೂ ಬರಿಯ 'ಹೋಗಲಿ' ಎಂದನೆಂದು ನಸೀಮಾ ಅನ್ನ ನೀರು ಸರಿಯಾಗಿ ಮುಟ್ಟುತ್ತಿಲ್ಲ, ಹೀಗಂತ ಅವಳ ತಾಯಿ ಫಾತಿಮಾ ನಮ್ಮ ಮನೆಗೆ ಬಂದು ಅತ್ತಳು. "ನೀವು ಅಂದ್ರ ಕೇಳ್ತಾರ್ರಿ ಅಣ್ಣಾರ. ಒಂದ ಮಾತು ಹೇಳಿಬಿಡ್ರಿ. ಸುಳ್ಳರ ಹೇಳ್ರಿ," ಎಂದಳು.

ನನಗೆ ಆ ಒಂದು ಮಾತು ಹೇಳುವುದು ಸುಲಭವಿತ್ತು. ಹೇಳುವ ಮೊದಲು ನನ್ನ ಕೆಲಸವನ್ನೆಲ್ಲ ಒಮ್ಮೆ ತಿರುಗಿ ನೋಡಬೇಕೆನಿಸಿತು. ಹಾಗೆ ನೋಡಿದಾಗ ನೆನಪಾದದ್ದನ್ನು ನಸೀಮಾಳಿಗೂ ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಇಲ್ಲಿ ಬರೆದಿದ್ದೇನೆ. ಬಡ್ತಿ, ಪದಕ, ಸಮಾರಂಭದ ಫೋಟೋಗಳು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ. ಅವುಗಳ ಸುದ್ದಿ ಬೇಡ.

ನಾನು ಸೇರಿದ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ. ರಾಡಾರ್ ಕೋಣೆಯ ನಡುವೆ ಆಳೆತ್ತರದ ಗಾಜಿನ ಫಲಕ, ಅದರ ಮೇಲೆ ಸುತ್ತಲಿನ ಪ್ರದೇಶದ ನಕ್ಷೆ. ಫಲಕದ ಮುಂದೆ ಅಧಿಕಾರಿಗಳು ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು, ಹಿಂದೆ ನಾವು ನಿಲ್ಲುತ್ತಿದ್ದೆವು. ಕಿವಿಗೆ ಹೆಡ್‌ಫೋನ್. ರಾಡಾರ್ ಪರದೆ ನೋಡುವವನು ವಿಮಾನದ ದಿಕ್ಕು, ದೂರ, ಎತ್ತರ ಹೇಳಿದಂತೆಲ್ಲ ನಾವು ಮೇಣದ ಪೆನ್ಸಿಲಿನಿಂದ ಗಾಜಿನ ಹಿಂಬದಿಗೆ ಬರೆಯಬೇಕು. ಮುಂದೆ ಕುಳಿತವರಿಗೆ ನೆಟ್ಟಗೆ ಕಾಣಬೇಕೆಂದರೆ ನಾವು ಉಲ್ಟಾ ಬರೆಯಬೇಕು, ಕನ್ನಡಿಯಲ್ಲಿ ಕಾಣುವ ಹಾಗೆ. ಮೊದಲ ದಿನಗಳಲ್ಲಿ ನನ್ನ ಮೂರು ಯಾವುದು, ಏಳು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೈ ಪಳಗಿದ ಮೇಲೆ ಅದೇ ಚಟವಾಯಿತು. ಬಸ್ಸಿನ ಕಿಟಕಿ, ಹೋಟೆಲಿನ ಕನ್ನಡಿ, ಎಲ್ಲಿ ಧೂಳು ಕಂಡರೂ ಬೆರಳು ಉಲ್ಟಾ ಓಡುತ್ತಿತ್ತು.

ಒಮ್ಮೆ ಚೇಷ್ಟೆಗೆ ಮನೆಗೆ ಇಡೀ ಪತ್ರವನ್ನೇ ಉಲ್ಟಾ ಬರೆದು ಕಳಿಸಿದೆ. ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ. ನನ್ನ ಪತ್ರಗಳನ್ನು ಓದಿ ಹೇಳುತ್ತಿದ್ದವನು ಖಾಜಾ. ಅವನು ಅವ್ವನ ಕುಂಕುಮದ ಕನ್ನಡಿ ಇಸಿದುಕೊಂಡು ಅದರಲ್ಲಿ ನೋಡಿ ಪೂರ್ತಿ ಓದಿದನಂತೆ. ಕೊನೆಗೆ, "ಕ್ಷೇಮ ಅದಾನ ಯವ್ವಾ. ತಲಿ ಅಷ್ಟ ಕೆಟ್ಟೈತಿ," ಎಂದನಂತೆ. ಮುಂದಿನ ಪತ್ರದಲ್ಲಿ ಅವನ ಉತ್ತರವೂ ಉಲ್ಟಾ ಬಂತು. ಒತ್ತಕ್ಷರಗಳೆಲ್ಲ ಬಲಕ್ಕೆ ಬೀಳುವ ಬದಲು ಗಾಳಿಯಲ್ಲಿ ನೇತಾಡುತ್ತಿದ್ದವು. ಅವನು ಅದನ್ನು ಬರೆಯಲು ಒಂದು ಭಾನುವಾರವನ್ನೇ ಕಳೆದಿರಬೇಕು.

ಆ ಗಾಜಿನ ಫಲಕದ ಕೋಣೆಯಲ್ಲಿ ನನ್ನ ಮೊದಲ ಸಾಹೇಬರು ಸೋಂಧಿ. ಮೀಸೆ ದೊಡ್ಡದು, ದನಿ ಸಣ್ಣದು. ಮೊದಲ ಪಾಠದ ದಿನ ಒಬ್ಬೊಬ್ಬರನ್ನೂ ನಿಲ್ಲಿಸಿ, ಸೇರುವ ಮುಂಚೆ ಏನು ಮಾಡುತ್ತಿದ್ದೆ ಎಂದು ಕೇಳಿದರು. ನಾನು ಹರಕು ಹಿಂದಿಯಲ್ಲಿ, "ಅವ್ವನ ಜೊತೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದೆ, ಸಾಹೇಬ," ಎಂದೆ. ಇಡೀ ತರಗತಿ ನಕ್ಕಿತು. ಅವರು ನಗದೆ, "ಹೊಡೆಯುತ್ತಿದ್ದೆಯೋ, ಓಡಿಸುತ್ತಿದ್ದೆಯೋ?" ಎಂದು ಕೇಳಿದರು. ಓಡಿಸುವುದಷ್ಟೇ ಎಂದೆ. "ಇಲ್ಲಿ ಹೊಡೆಯಬೇಕು. ಅದು ಬಹಳ ಕಷ್ಟ. ಕೂತ್ಕೋ," ಎಂದರು.

ಎಷ್ಟು ಕಷ್ಟ ಎಂಬುದು ಮರಳುಗಾಡಿನಲ್ಲಿ ನಡೆದ ಒಂದು ಯುದ್ಧಾಭ್ಯಾಸದಲ್ಲಿ ಗೊತ್ತಾಯಿತು. ಅವತ್ತು ನಾವೆಲ್ಲ ಸತ್ತೆವು. ಎರಡು ತಂಡ, ಅವರದು ದಾಳಿ, ನಮ್ಮದು ರಕ್ಷಣೆ. ನಿಜವಾಗಿ ಏನೂ ಹಾರಿಸುವುದಿಲ್ಲ. ಬಿಳಿ ಪಟ್ಟಿ ಕಟ್ಟಿಕೊಂಡ ತೀರ್ಪುಗಾರ ಪಕ್ಕದಲ್ಲಿ ಕುಳಿತು ಯಾವುದು ಬಿತ್ತು, ಯಾವುದು ಉಳಿಯಿತು ಎಂದು ಹೇಳುತ್ತಾನೆ. ಬೆಳಿಗ್ಗೆ ಪರದೆಯ ಮೇಲೆ ಚುಕ್ಕೆಗಳು ಬಂದವು, ಒಂದರ ಹಿಂದೆ ಒಂದು. ನಾವು ಒಂದೊಂದನ್ನೂ ಹಿಡಿದೆವು. ತೀರ್ಪುಗಾರ, "ಬಿತ್ತು... ಬಿತ್ತು," ಎನ್ನುತ್ತಿದ್ದರೆ ಕೋಣೆಯಲ್ಲಿ ಹಬ್ಬ. ಅಡುಗೆಯವನಿಗೆ ಸಿಹಿ ಮಾಡಲು ಹೇಳಿ ಕಳಿಸಿದ್ದೂ ಆಯಿತು.

ಅವು ವಿಮಾನಗಳೇ ಆಗಿರಲಿಲ್ಲ. ಪೈಲಟ್ ಇಲ್ಲದ ಪುಟ್ಟ ಆಟಿಕೆಯಂಥವು. ಪರದೆಯ ಮೇಲೆ ದೊಡ್ಡದಾಗಿ ಕಾಣಲೆಂದು ಒಳಗೆ ತಗಡಿನ ತುಂಡು ಕೂಡಿಸಿದ್ದರು. ನಮ್ಮ ಲೆಕ್ಕದ ಕ್ಷಿಪಣಿಗಳೆಲ್ಲ ಅವುಗಳ ಮೇಲೆ ಖರ್ಚಾದ ಮೇಲೆ ನಿಜವಾದವು ಮರಳು ದಿಬ್ಬಗಳ ಮರೆಯಲ್ಲಿ ನೆಲ ಸವರಿಕೊಂಡು ಬಂದವು. ತೀರ್ಪುಗಾರ ಎದ್ದು ನಿಂತು ಬಹಳ ವಿನಯದಿಂದ, "ನೀವೆಲ್ಲ ತೀರಿಕೊಂಡಿದ್ದೀರಿ. ದಯವಿಟ್ಟು ಇನ್ನು ಏನನ್ನೂ ಮುಟ್ಟಬೇಡಿ," ಎಂದ. ಸತ್ತವರಿಗೆ ಪಡಿತರ ಇಲ್ಲವೆಂದು ಅಡುಗೆಯವನು ಸಿಹಿಯಿರಲಿ, ಚಹಾ ಸಹ ಕೊಡಲಿಲ್ಲ.

ಸೋಂಧಿ ಸಾಹೇಬರು ನಮ್ಮ ಜೊತೆ ಮರಳಿನ ಮೇಲೆ ಬಂದು ಕುಳಿತರು. ಬೈಯುತ್ತಾರೆಂದುಕೊಂಡಿದ್ದೆವು. ಅವರು, "ಯಂತ್ರ ಕೆಲಸ ಮಾಡಿತು. ಒಂದೂ ತಪ್ಪಲಿಲ್ಲ. ಆದರೂ ನಾವು ಸತ್ತೆವು. ಮೇಲಿನವರು ಕೇಳಿದರೆ ಕೆಲಸ ಮಾಡಿತು ಅಂತ ಹೇಳಲೋ, ಮಾಡಲಿಲ್ಲ ಅಂತ ಹೇಳಲೋ?" ಎಂದರು. ಖಾಜಾನ ಜೊತೆ ಜಗಳ ಆಡುವಾಗೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ.

ಆಮೇಲೆ ಗಾಜಿನ ಫಲಕಗಳು ಹೋದವು. ಕಂಪ್ಯೂಟರ್ ಬಂತು, ಒಂದು ಊರಿನ ರಾಡಾರ್ ಕಂಡದ್ದು ಇನ್ನೊಂದು ಊರಿನ ಪರದೆಯ ಮೇಲೂ ಕಾಣತೊಡಗಿತು. ತಗಡಿಟ್ಟ ಆಟಿಕೆ ಯಾವುದು, ವಿಮಾನ ಯಾವುದು ಎಂದು ಯಂತ್ರವೇ ಬೇರ್ಪಡಿಸಲು ಕಲಿಯಿತು. ಫಲಕವನ್ನು ಕಳಚಿ ಹೊರಗೆ ಒಯ್ದ ದಿನ ನಾನು ಅಂಗೈಯಿಂದ ಕೊನೆಯ ಅಂಕಿಗಳನ್ನು ಒರೆಸಿದೆ. ಮೇಣದ ವಾಸನೆ ಊಟದ ಹೊತ್ತಿನವರೆಗೂ ಕೈಗಿತ್ತು. ಹೊಸದು ಹಳೆಯದಕ್ಕಿಂತ ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಗಾಜಿನ ಹಿಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತು, ಒಬ್ಬರ ತಪ್ಪಂಕಿಯನ್ನು ಇನ್ನೊಬ್ಬರು ಮೊಣಕೈಯಿಂದ ಒರೆಸಿ ತಿದ್ದುತ್ತಿದ್ದ ದಿನಗಳು ನನಗೆ ಬಹಳ ಬೇಕೆನಿಸುತ್ತವೆ.

ಸೋಂಧಿ ಸಾಹೇಬರ ಕೈಕೆಳಗೇ ಇದ್ದಾಗ ಒಮ್ಮೆ ಗಡಿಯ ಹತ್ತಿರ ಒಂದು ವಿಮಾನ ನೆಲೆಯನ್ನು ಕಾಯಲು ನಮ್ಮನ್ನು ಹಾಕಿದ್ದರು. ಗಡಿಯಾಚೆ ಯುದ್ಧದ ಬಿಸಿ ಏರಿದ್ದ ತಿಂಗಳುಗಳು. ನಮಗೆ ಹಾಲು ತರುತ್ತಿದ್ದವಳು ಪಕ್ಕದ ಹಳ್ಳಿಯ ಒಬ್ಬ ಹೆಂಗಸು, ಹರ್ಬನ್ಸ್ ಕೌರ್. ಒಂದು ಬೆಳಿಗ್ಗೆ ಕ್ಯಾನ್ ಇಳಿಸಿ, ಆಕಾಶಕ್ಕೆ ಮುಖ ಮಾಡಿ ನಿಂತಿದ್ದ ಕ್ಷಿಪಣಿಗಳನ್ನು ತೋರಿಸಿ, ಸೋಂಧಿ ಸಾಹೇಬರನ್ನು ನೇರವಾಗಿ ಕೇಳಿದಳು: "ಸಾಹೇಬರೇ, ಇದು ಛತ್ರಿ ಇದ್ದಂತೆ ಅಂತಾರಲ್ಲ, ನಮ್ಮ ಹಳ್ಳಿಯೂ ಇದರ ಕೆಳಗೆ ಬರುತ್ತದೆಯೇ?"

ನಾನು ಪಕ್ಕದಲ್ಲೇ ಇದ್ದೆ. ಹೌದು ಎಂದುಬಿಡುತ್ತಾರೆ, ಮುಗಿಯುತ್ತದೆ ಎಂದುಕೊಂಡೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಇಲ್ಲಮ್ಮ. ಇದು ವಿಮಾನಗಳಿಗೆ ಹಿಡಿದ ಛತ್ರಿ. ನಿಮ್ಮ ಹಳ್ಳಿಯ ಮೇಲೆ ಅಂಚು ಬರುತ್ತದೋ ಇಲ್ಲವೋ, ನಾನು ಆಣೆ ಮಾಡಿ ಹೇಳಲಾರೆ. ಮಕ್ಕಳನ್ನು ದೂರದ ನೆಂಟರ ಮನೆಗೆ ಕಳಿಸಿಬಿಡಿ," ಎಂದರು. ಅವಳು ಖಾಲಿ ಕ್ಯಾನ್ ಎತ್ತಿಕೊಂಡು ಹೋದಳು. ನಾಳೆಯಿಂದ ಇನ್ನು ಹಾಲಿಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಮರುದಿನ ಎಂದಿನ ಹೊತ್ತಿಗೇ ಬಂದಳು. ಮಕ್ಕಳನ್ನು ತವರಿಗೆ ಕಳಿಸಿದ್ದಳು. ನಾನು ಕೇಳಿದ್ದಕ್ಕೆ, "ನಿಮ್ಮ ಸಾಹೇಬ ಸುಳ್ಳು ಹೇಳಿದ್ದರೆ ಇವತ್ತಿನಿಂದ ಹಾಲಿಗೆ ನೀರು ಹಾಕುತ್ತಿದ್ದೆ," ಎಂದಳು.

ಅದೇ ತಿಂಗಳಲ್ಲಿ ಒಂದು ಮಧ್ಯಾಹ್ನ ನನ್ನ ಪರದೆಯ ಮೇಲೆ ಒಂದು ಚುಕ್ಕೆ ಗಡಿಯತ್ತ ನೇರವಾಗಿ ಬಂತು. ಯಾರೆಂದು ಕೇಳುವ ನಮ್ಮ ಸಂಕೇತಕ್ಕೆ ಉತ್ತರವಿಲ್ಲ. ಕ್ಷಿಪಣಿ ಅದರತ್ತ ತಿರುಗಿ ನಿಂತಿತು. ನಾನು ದೂರ ಹೇಳುತ್ತಾ ಹೋದೆ, ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಸೋಂಧಿ ಸಾಹೇಬರು, "ತಡಿ... ತಡಿ," ಎನ್ನುತ್ತಿದ್ದರು. ಗಡಿ ಇನ್ನೇನು ಬಂತು ಎನ್ನುವಾಗ ಚುಕ್ಕೆ ತಿರುಗಿತು, ಬಂದ ದಾರಿಯಲ್ಲೇ ಹೋಯಿತು. ಅದು ನಮ್ಮನ್ನು ನೋಡಿ ತಿರುಗಿತೋ, ತಿರುಗಲೆಂದೇ ಬಂದಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಇಡೀ ನೌಕರಿಯಲ್ಲಿ ಯುದ್ಧವೆಂದು ಹೇಳಬಹುದಾದದ್ದು ಅಷ್ಟೇ. ನಾವು ಒಂದನ್ನೂ ಹಾರಿಸಲಿಲ್ಲ.

ಹೀಗೆ ಏನೂ ಆಗದೆ ಮುಗಿದ ನೌಕರಿಯ ಬಗ್ಗೆ ಊರಿನವರು, "ಏನ ಮಾಡಿದ್ರಿ ಅಲ್ಲಿ?" ಎಂದು ಕೇಳಿದಾಗ ನನಗೆ ಅವ್ವ ನೆನಪಾಗುತ್ತಾಳೆ. ಹೊನವಾಡದ ಗೌಡರ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿದಾಗ ಅವಳು ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುತ್ತಿದ್ದಳು. ಕಲ್ಲು ಹಕ್ಕಿಗೆ ತಾಗುತ್ತಿರಲಿಲ್ಲ, ಅವು ಇಳಿಯಬೇಕೆಂದಿದ್ದ ಜಾಗಕ್ಕೆ ಮೊದಲೇ ಹೋಗಿ ಬೀಳುತ್ತಿತ್ತು. ಒಂದು ವರ್ಷ ಗೌಡರು, "ಈ ಸಲ ಹಕ್ಕೀನ ಬಂದಿಲ್ಲ ಬಿಡಬೇ. ನಿನಗ್ಯಾಕ ಪೂರಾ ಕೂಲಿ?" ಎಂದರು. ಅವ್ವ ಜಗಳ ಆಡಲಿಲ್ಲ. ಮರುದಿನ ಕವಣೆ ಮಡಿಲಲ್ಲಿಟ್ಟುಕೊಂಡು ಬೇವಿನ ಗಿಡದ ಕೆಳಗೆ ಕುಳಿತಳು. ಊಟದ ಹೊತ್ತಿಗೆ ಮೂಡಣ ಮೂಲೆಯ ತೆನೆಗಳೆಲ್ಲ ಬರಿಯ ಹೊಟ್ಟಾಗಿದ್ದವು. ಗೌಡರು ತಾವೇ ಬಂದು, "ಏರಬೇ ಮ್ಯಾಲ," ಎಂದರು. ನಮ್ಮ ಕೆಲಸದಲ್ಲಿ ಹಾಗೆ ಕೆಳಗಿಳಿದು ಕುಳಿತು ತೋರಿಸಲು ಬರುವುದಿಲ್ಲ, ವ್ಯತ್ಯಾಸ ಅಷ್ಟೇ.

ಇಷ್ಟೆಲ್ಲ ಮನಸ್ಸಿನಲ್ಲಿ ಹಾಕಿಕೊಂಡು ನಾನು ಖಾಜಾನನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆ. ನಸೀಮಾಳಿಗೆ ಟ್ರಂಕು ಕೊಳ್ಳುವ ನೆಪ. ಟ್ರಂಕು ಕೊಂಡು ಅಂಗಡಿಯಲ್ಲೇ ಇಟ್ಟು ಉಪ್ಪಲಿ ಬುರುಜಿಗೆ ಹೋದೆವು. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತುವಷ್ಟರಲ್ಲಿ ಇಬ್ಬರಿಗೂ ಉಸಿರು ಬಾಯಿಗೆ ಬಂದಿತ್ತು. ಮೇಲೆ ಹಳೆಯ ಉದ್ದನೆಯ ತೋಪುಗಳು ಬಿಸಿಲು ಕಾಯುತ್ತಾ ಮಲಗಿದ್ದವು. ಒಂದರ ನೆರಳಿನಲ್ಲಿ ಕುಳಿತೆವು.

"ಇದು ಕೆಲಸಾ ಮಾಡ್ತಿತ್ತೇನೋ?" ಎಂದು ಖಾಜಾ ತೋಪು ತಟ್ಟಿ ಕೇಳಿದ.

"ಗೊತ್ತಿಲ್ಲ. ನಂದು ಹೇಳ್ತೀನಿ ಕೇಳು," ಎಂದೆ. "ಒಂದ ಕ್ಷಿಪಣಿ, ಎತ್ತರದಾಗ, ಗೊತ್ತಿದ್ದ ದಾರೀಲೆ ಬಂತು, ನಾವು ಎಚ್ಚರ ಇದ್ದೇವಿ ಅಂದ್ರ ಹೊಡೀತೈತಿ. ಖರೇನ ಹೊಡೀತೈತಿ. ಟಿವಿಯಾಗ ತೋರ್ಸೂದು ಎಲ್ಲಾ ಸುಳ್ಳಲ್ಲ. ಹಿಂಡ ಬಂದ್ರ ಒಂದಿಷ್ಟು ಬೀಳ್ತಾವ, ಒಂದಿಷ್ಟು ಒಳಗ ಬರ್ತಾವ. ಕೆಳಗ ಬಂದ್ರ ತಡಾ ಮಾಡಿ ಕಾಣ್ತಾವ. ನೋಡು, ಇಷ್ಟ ಮ್ಯಾಲ ಕುಂತೇವಿ, ಆ ಮನಿ ಹಿಂದ ಯಾರ ಬರಾಕತ್ತಾರ ನಿನಗ ಕಾಣಸ್ತೈತೇನು?"

ಖಾಜಾ ಆ ಕಡೆ ನೋಡಿದ. "ಇಲ್ಲ. ನನ್ನ ಮಗಳು ಎಲ್ಲಿ ಕುಂತಿರ್ತಾಳ, ಅದನ್ನ ಹೇಳು."

ಫಾತಿಮಾಳ ಅಳು ನೆನಪಾಯಿತು. ಹರ್ಬನ್ಸ್ ಕೌರಳ ಹಾಲಿನ ಕ್ಯಾನೂ ನೆನಪಾಯಿತು. "ರಾಡಾರ್ ಹತ್ರ," ಎಂದೆ. "ರಾಡಾರ್ ಚಾಲೂ ಮಾಡಿದ್ವಿ ಅಂದ್ರ ನಾವು ಇಲ್ಲಿ ಅದೇವಿ ಅಂತ ಒದರಿ ಹೇಳಿದಂಗ. ಬಂದವ ಮೊದಲ ಕಲ್ಲ ನಮಗ ಒಗೀತಾನ. ಇನ್ನೊಬ್ಬರಿಗೆ ಛತ್ರಿ ಹಿಡದಾವನ ಹೆಗಲು ತೋಯ್ತೈತಿ, ಖಾಜಾ. ನನಗ ಏನೂ ಆಗಲಿಲ್ಲ. ಆಕಿಗೂ ಆಗೂದಿಲ್ಲ ಅಂತ ನಾ ಖಾತ್ರಿ ಕೊಡಾಕ ಬರೂದಿಲ್ಲ."

"ಮತ್ತ ಯಾಕ ಹಿಡೀಬೇಕು ಆ ಛತ್ರಿ?"

"ಹಿಡೀಲಿಲ್ಲಂದ್ರ ಎಲ್ಲಾರೂ ಪೂರಾ ತೋಯ್ತಾರಲ್ಲೋ. ಆಕಿಗೆ ಇದು ಗೊತ್ತೈತಿ. ನಾನ ಹೇಳೇನಿ. ಗೊತ್ತಿದ್ದೂ ಹೊಂಟಾಳ."

ಖಾಜಾ ಎದ್ದ. ಮೆಟ್ಟಿಲಿಳಿಯುವಾಗ ನಾನು ಕೈ ಚಾಚಿದರೆ ಹಿಡಿಯಲಿಲ್ಲ. ತಿಕೋಟಾ ಬಸ್ಸಿನಲ್ಲಿ ಟ್ರಂಕನ್ನು ನನ್ನ ಪಕ್ಕದ ಸೀಟಿನಲ್ಲಿಟ್ಟು ತಾನು ಮುಂದೆ ಹೋಗಿ ಕುಳಿತ. ಸಂಜೆ ಟ್ರಂಕು ಮುಟ್ಟಿಸಲು ಅವರ ಮನೆಗೆ ಹೋದಾಗ ಫಾತಿಮಾ ಬಾಗಿಲಲ್ಲೇ ನಿಂತು, "ಸುಳ್ಳರ ಹೇಳ್ರಿ ಅಂದಿದ್ನೆಲ್ರಿ ಅಣ್ಣಾರ," ಎಂದಳು. ಒಳಗೆ ಬನ್ನಿ ಎನ್ನಲಿಲ್ಲ. ಆಮೇಲೆ ಚಹಾದಂಗಡಿಯಲ್ಲಿ ಖಾಜಾನ ಜಾಗ ಖಾಲಿ ಇರುತ್ತಿತ್ತು. ಜಗಳವಿಲ್ಲದ ಚಹಾವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಅಂಗಡಿಯವನು ಟಿವಿ ಹಚ್ಚಿಯೇ ಇಟ್ಟಿದ್ದ.

ನಸೀಮಾ ಹೊರಟ ದಿನ ವಿಜಯಪುರದ ಸ್ಟೇಷನ್ನಿಗೆ ನಾನು, ಫಾತಿಮಾ, ನಸೀಮಾಳ ಸೋದರಮಾವ ಹೋಗಿದ್ದೆವು. ಮಾವ ಅಭಿಮಾನದಿಂದ ಎ.ಸಿ. ಡಬ್ಬಿಯ ಟಿಕೆಟ್ ಮಾಡಿಸಿದ್ದ. ಹುಡುಗಿ ಪ್ಲಾಟ್‌ಫಾರ್ಮಿನ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಗಾಡಿ ಹೊರಡುವ ಹೊತ್ತಾಯಿತು, ನನ್ನ ಕಾಲು ಮುಟ್ಟಿ ನಮಸ್ಕರಿಸಿ ಒಳಗೆ ಹೋಗಿ ಕುಳಿತಳು. ಡಬ್ಬಿಯ ಒಳಬಾಗಿಲು ತಾನೇ ಮುಚ್ಚಿಕೊಂಡಿತು.

ಆಗ ಖಾಜಾ ಬಂದ. ಬಬಲೇಶ್ವರದ ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಅಂಗಿ ಹಾಕಿದ್ದ, ಓಡಿ ಬಂದು ಏದುಸಿರು ಬಿಡುತ್ತಿದ್ದ. ಅವಳ ಕಿಟಕಿಯ ತೆರೆಯಲಾಗದ ಗಾಜಿನ ಹೊರಗೆ ನಿಂತು ಏನೋ ಕೂಗಿದ. ನಸೀಮಾ ಒಳಗಿನಿಂದ ಗಾಜಿಗೆ ಮುಖ ಹಚ್ಚಿ, ಕೇಳಿಸುವುದಿಲ್ಲ ಎಂದು ಕೈ ಆಡಿಸಿದಳು. ಗಾಜಿನ ಮೇಲೆ ದಾರಿಯ ಧೂಳು ದಪ್ಪಗೆ ಕುಳಿತಿತ್ತು. ಖಾಜಾ ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ಬೆರಳೆತ್ತಿ ಬರೆಯತೊಡಗಿದ. ಪಕ್ಕದಲ್ಲಿದ್ದವರಿಗೆ ಮುದುಕ ಏನೋ ಗೀಚುತ್ತಿದ್ದಾನೆ ಎನಿಸಿರಬೇಕು. ನನಗೆ ಮಾತ್ರ ಕೂಡಲೇ ತಿಳಿಯಿತು. ಅವನು ಉಲ್ಟಾ ಬರೆಯುತ್ತಿದ್ದ. ಎಡದಿಂದ ಬರೆದದ್ದರಿಂದ ಕೊನೆಯ ಮಾತು ಮೊದಲು ಬಂತು. ಮೊದಲು 'ಬಾ' ಬರೆದ. ಗಾಡಿ ಅಲುಗಿತು. ಅವನು ಗಾಡಿಯ ಜೊತೆ ಹೆಜ್ಜೆ ಹಾಕುತ್ತಾ, ಬೆರಳು ತೆಗೆಯದೆ, ಅದರ ಪಕ್ಕಕ್ಕೆ 'ಹೋಗಿ' ಬರೆದು ಮುಗಿಸಿದ. ನಸೀಮಾ ಒಳಗಿನಿಂದ ಆ ಅಕ್ಷರಗಳ ಮೇಲೆ ಅಂಗೈ ಇಟ್ಟಳು. ಆಮೇಲೆ ಡಬ್ಬಿ ನಮ್ಮನ್ನು ದಾಟಿ ಹೋಯಿತು.

ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೆ ಖಾಜಾ ಅಲ್ಲೇ ನಿಂತಿದ್ದ. ನಾನು ಹತ್ತಿರ ಹೋದೆ. ಅವನ ಕಣ್ಣುಗಳು ತುಂಬಿದ್ದವು, ನನ್ನವೂ ತುಂಬಿದ್ದವು. ಧೂಳಾದ ಬೆರಳನ್ನು ಬಿಳಿ ಅಂಗಿಗೇ ಒರೆಸಿಕೊಂಡು ಕೇಳಿದ: "ಲೇ ಶಂಕ್ರ್ಯಾ, ಆಕಿಗೆ ನೆಟ್ಟಗ ಕಂಡೈತೇನೋ?"

ಈ ಖಾತ್ರಿಯನ್ನು ನಾನು ಕೊಡಬಲ್ಲವನಾಗಿದ್ದೆ.

"ನೆಟ್ಟಗ ಕಂಡೈತಿ," ಎಂದೆ.